ಒಂಬತ್ತು ಸಿಲಬಲ್‌ಗಳ ಪದದಲ್ಲಿ ಒತ್ತು ಎಲ್ಲಿ? ಒಂದು ಪ್ರಕರಣ

ಪದ ಇದು: ಎಲೆಕ್ಟ್ರೊಎನ್ಸೆಫಲಾಗ್ರಫಿ. ಇಂಗ್ಲಿಷ್ ಲಿಪಿಯಲ್ಲಿ 22 ಅಕ್ಷರ, ಬಾಯಲ್ಲಿ 9 ಸಿಲಬಲ್, ಅಂದರೆ ಒಂದೊಂದು ಸ್ವರದ ಸುತ್ತ ಕಟ್ಟಿಕೊಂಡ ಉಚ್ಚಾರದ ತುಂಡು. ತಲೆಯ ಚರ್ಮದ ಮೇಲೆ ಎಲೆಕ್ಟ್ರೋಡ್‌ಗಳನ್ನು ಇಟ್ಟು ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ವಿಧಾನದ ಹೆಸರು. ಆ ಕೆಲಸ ಮಾಡುವವರು ದಿನವಿಡೀ ಇಇಜಿ ಅಂತಲೇ ಅನ್ನುತ್ತಾರೆ. ಪೂರ್ತಿ ಹೆಸರು ಕಾಗದದ ಮೇಲೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಕಿವಿಗೆ ಬೀಳುವುದು ಅಪರೂಪ. ಈ ಪ್ರಕರಣದ ತೊಂದರೆಯ ಬೇರು ಅಲ್ಲೇ ಇದೆ.

ಇಇಜಿ ತಂತ್ರಜ್ಞರಾಗಲು ತರಬೇತಿ ಮುಗಿಸುತ್ತಿದ್ದ ಯುವತಿಯೊಬ್ಬರು ಕೊನೆಯ ಮೌಖಿಕ ಪರೀಕ್ಷೆಯಲ್ಲಿ ತಮ್ಮ ಪ್ರಾಜೆಕ್ಟ್ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಪರೀಕ್ಷಕರಲ್ಲಿ ಒಬ್ಬರು ಹೊರದೇಶದವರು, ವಿಡಿಯೊದಲ್ಲಿ ಕೇಳುವವರು. ಚುಟುಕು ಹೆಸರನ್ನು ಬಳಸುವ ಮೊದಲು ಒಂದು ಸಲ ಪೂರ್ತಿ ಹೆಸರು ಹೇಳಲೇಬೇಕು ಅನ್ನುವುದು ಅಲ್ಲಿನ ನಿಯಮ. ಅಭ್ಯಾಸಕ್ಕೆಂದು ನಡೆಸಿದ ವಿಡಿಯೊ ಮಾತುಕತೆಯಲ್ಲಿ ಕೇಳುತ್ತಿದ್ದವರು ಮೊದಲ ವಾಕ್ಯಕ್ಕೇ ತಡೆದರು: "ಕ್ಷಮಿಸಿ, ಯಾವ ವಿಧಾನ ಅಂದಿರಿ?" ಅವರು ಮತ್ತೆ ಹೇಳಿದರು. ಈ ಸಲ ಇನ್ನೂ ನಿಧಾನವಾಗಿ, ಇನ್ನೂ ಬಿಡಿಸಿ. ಕೇಳುವವರಿಗೆ ಇನ್ನೂ ಗೊಂದಲವಾಯಿತು. ಕೊನೆಗೆ ಅವರು ಇಇಜಿ ಅಂದ ಮೇಲೆ ಮಾತು ಮುಂದೆ ಹೋಯಿತು.

ಮಾತಾಡುವ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಅವರು ನನ್ನ ಹತ್ತಿರ ಬಂದಾಗ ಕೇಳಿದ ಪ್ರಶ್ನೆ ನೇರವಾಗಿತ್ತು: "ಮೇಡಂ, ಪದದ ಅರ್ಥ ಗೊತ್ತು. ಬಿಡಿಸಿ ಹೇಳೋಕೂ ಬರುತ್ತೆ. ಇನ್ನೇನು ಬೇಕು?"

ಬಿಡಿಸಿ ಹೇಳಲು ಬರುತ್ತಿದ್ದದ್ದೇ ತೊಂದರೆ.

ಬಾಯಲ್ಲಿ ಪದ ಹೇಗಿತ್ತು

ಅವರು ಹೇಳುತ್ತಿದ್ದದ್ದು ಹೀಗೆ: ಎಲೆಕ್ಟ್ರೋ, ಎನ್ಸೆಫಲೋ, ಗ್ರಾಫಿ. ನಡುವೆ ಎರಡು ಸಣ್ಣ ನಿಲುಗಡೆ. ಟ್ರೋ ಉದ್ದ, ಲೋ ಉದ್ದ, ಗ್ರಾ ಎಲ್ಲಕ್ಕಿಂತ ಉದ್ದ ಮತ್ತು ಗಟ್ಟಿ. ಸಿಲಬಲ್ ಲೆಕ್ಕ ಸರಿಯಾಗಿಯೇ ಇತ್ತು, ಒಂದೂ ಬಿಟ್ಟುಹೋಗಿರಲಿಲ್ಲ. ವ್ಯಂಜನಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಕಾಗದದ ಮೇಲೆ ಗುರುತು ಹಾಕುತ್ತಾ ಹೋದರೆ ತಪ್ಪು ಅಂತ ಬೆರಳು ಇಡಲು ಜಾಗವೇ ಸಿಗುತ್ತಿರಲಿಲ್ಲ.

ಆದರೆ ಇಂಗ್ಲಿಷ್ ಆಡಿ ಬೆಳೆದ ಕಿವಿ ಉದ್ದ ಪದವನ್ನು ಅಕ್ಷರ ಅಕ್ಷರವಾಗಿ ಕೂಡಿಸಿಕೊಂಡು ಗುರುತಿಸುವುದಿಲ್ಲ. ಪದದಲ್ಲಿ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಅನ್ನುವ ಆಕಾರವನ್ನು ಹಿಡಿಯುತ್ತದೆ. ಆ ಆಕಾರ ಬರುವುದು ಒತ್ತಿನಿಂದ.

ಇಲ್ಲಿ ಒತ್ತು ಅಂದರೆ ಒತ್ತಕ್ಷರ ಅಲ್ಲ. ಪದದ ಒಂದು ಸಿಲಬಲ್ಲನ್ನು ಉಳಿದವುಗಳಿಗಿಂತ ಎತ್ತಿ ಹೇಳುವುದು. ಎತ್ತಿ ಹೇಳುವುದು ಅಂದರೆ ಸುಮ್ನೆ ಜೋರಾಗಿ ಹೇಳುವುದೂ ಅಲ್ಲ. ಆ ಸಿಲಬಲ್ ಸ್ವಲ್ಪ ಉದ್ದವಾಗುತ್ತದೆ. ಅಲ್ಲಿ ದನಿ ಏರುತ್ತದೆ ಅಥವಾ ತಿರುಗುತ್ತದೆ. ಅದರ ಸ್ವರ ಪೂರ್ತಿಯಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ. ಒತ್ತು ಇಲ್ಲದ ಸಿಲಬಲ್‌ಗಳಲ್ಲಿ ಸ್ವರ ಸವೆದುಹೋಗುತ್ತದೆ. ಬರಹದಲ್ಲಿ ಯಾವ ಸ್ವರ ಇದ್ದರೂ ಬಾಯಲ್ಲಿ ಬಹಳ ಸಲ ಅದು ಮಸುಕಾದ ಒಂದು 'ಅ' ಆಗಿಬಿಡುತ್ತದೆ. ಭಾಷಾಶಾಸ್ತ್ರದವರು ಇದನ್ನು ಶ್ವಾ ಅನ್ನುತ್ತಾರೆ.

ಕನ್ನಡದಲ್ಲಿ ಈ ಏರ್ಪಾಡು ಇಲ್ಲ. ನಮ್ಮಲ್ಲಿ ಅರ್ಥವನ್ನು ಕಾಯುವುದು ಸ್ವರದ ಉದ್ದ. ಹಳೆ ಬೇರೆ, ಹಾಳೆ ಬೇರೆ. ಯಾವ ಅಕ್ಷರವನ್ನು ಎತ್ತಿ ಹೇಳಿದರೂ ಹಾಳೆ ಹಾಳೆಯೇ. ಇಂಗ್ಲಿಷಿನಲ್ಲಿ ಒತ್ತಿನ ಜಾಗ ಬದಲಾದರೆ ಪದವೇ ಬದಲಾಗಬಹುದು. ರೆಕಾರ್ಡ್ ಪದದಲ್ಲಿ ಒತ್ತು ಮೊದಲ ಸಿಲಬಲ್ ಮೇಲಿದ್ದರೆ ದಾಖಲೆ, ಎರಡನೆಯದರ ಮೇಲಿದ್ದರೆ ದಾಖಲಿಸು. ಹಾಗಾಗಿ ಕನ್ನಡದವರು ಇಂಗ್ಲಿಷ್ ಮಾತಾಡುವಾಗ ಪ್ರತಿ ಸ್ವರವನ್ನೂ ಜೋಪಾನವಾಗಿ ಕಾಪಾಡುತ್ತೇವೆ. ಎಲ್ಲವೂ ಸ್ಪಷ್ಟವಾಗಿ ಕೇಳಿಸಲಿ ಅಂತ. ಎಲ್ಲವೂ ಅಷ್ಟೇ ಸ್ಪಷ್ಟವಾದರೆ ಯಾವುದು ಮುಖ್ಯ ಅಂತ ಆ ಕಿವಿಗೆ ಗೊತ್ತಾಗುವುದಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದಷ್ಟೂ ಗೊಂದಲ ಜಾಸ್ತಿ ಆದದ್ದು ಇದಕ್ಕೇ.

ಒಂದೇ ಪದ, ಎರಡು ಬಗೆಯ ತುಂಡು

ಮೊದಲು ಅರ್ಥದ ತುಂಡುಗಳನ್ನು ನೋಡೋಣ. ಈ ಪದದ ಭಾಗಗಳೆಲ್ಲ ಗ್ರೀಕ್ ಮೂಲದವು. ಎಲೆಕ್ಟ್ರ್ ಬಂದದ್ದು ಎಲೆಕ್ಟ್ರಾನ್ ಅನ್ನುವ ಪದದಿಂದ, ಅಂದರೆ ಅಂಬರ್, ಮರದ ಅಂಟು ಕಲ್ಲಾಗಿ ಗಟ್ಟಿಯಾದದ್ದು. ಅದನ್ನು ಉಜ್ಜಿದರೆ ಹಗುರ ವಸ್ತುಗಳನ್ನು ಸೆಳೆಯುತ್ತದೆ. ಆ ಗುಣದಿಂದಲೇ ವಿದ್ಯುತ್ತಿಗೆ ಈ ಹೆಸರು ಅಂಟಿಕೊಂಡಿತು. ಎನ್ ಅಂದರೆ ಒಳಗೆ. ಸೆಫಲ್ ಅಂದರೆ ತಲೆ. ತಲೆಯ ಒಳಗಿನದು, ಅಂದರೆ ಮೆದುಳು. ಗ್ರಾಫ್ ಅಂದರೆ ಬರೆಯುವುದು. ಕೊನೆಯ 'ಇ' ಪದವನ್ನು ಒಂದು ವಿಧಾನದ ಹೆಸರಾಗಿ ಮಾಡುವ ಪ್ರತ್ಯಯ. ಇವುಗಳ ನಡುವೆ ಎರಡು ಕಡೆ ಒಂದು 'ಒ' ಬರುತ್ತದೆ. ಅದಕ್ಕೆ ಅರ್ಥ ಏನೂ ಇಲ್ಲ. ಎರಡು ಭಾಗಗಳನ್ನು ಕೂಡಿಸುವುದಷ್ಟೇ ಅದರ ಕೆಲಸ. ಒಟ್ಟು ಏಳು ತುಂಡು: ಎಲೆಕ್ಟ್ರ್, ಒ, ಎನ್, ಸೆಫಲ್, ಒ, ಗ್ರಾಫ್, ಇ.

ಈಗ ಸಿಲಬಲ್‌ಗಳು. ಇಂಗ್ಲಿಷ್ ನಿಘಂಟು ಪದವನ್ನು ಹೀಗೆ ಒಡೆಯುತ್ತದೆ: ಎ, ಲೆಕ್, ಟ್ರೊ, ಎನ್, ಸೆಫ್, ಅ, ಲಾಗ್, ರ, ಫಿ.

ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಅಂದೆ. ಎಷ್ಟು ತುಂಡು ಎರಡೂ ಕಡೆ ಒಂದೇ ಇವೆ? ಅವರು ಬೆರಳಿಟ್ಟು ಎಣಿಸಿ ತಲೆ ಎತ್ತಿದರು. "ಎನ್ ಒಂದೇ." ಹೌದು, ಒಂಬತ್ತರಲ್ಲಿ ಒಂದೇ ಒಂದು. ಉಳಿದದ್ದೆಲ್ಲ ಅಡ್ಡಾದಿಡ್ಡಿ. ಸೆಫಲ್ ಅನ್ನುವ ಒಂದು ಅರ್ಥದ ತುಂಡು ಮೂರು ಸಿಲಬಲ್‌ಗಳಲ್ಲಿ ಹರಡಿಕೊಂಡಿದೆ. ಗ್ರಾಫ್ ಕೂಡ ಮೂರು ಸಿಲಬಲ್‌ಗಳಲ್ಲಿ ಹರಿದುಹೋಗಿದೆ: 'ಗ್' ಒಂದರ ಕೊನೆಯಲ್ಲಿ, 'ರ' ತಾನೇ ಒಂದು, 'ಫ್' ಮುಂದಿನದರ ಶುರುವಿನಲ್ಲಿ.

ಏಳನೆಯ ಸಿಲಬಲ್ ಆದ ಲಾಗ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪದದ ಮುಖ್ಯ ಒತ್ತು ಬೀಳುವುದು ಇದರ ಮೇಲೆ. ಇದರಲ್ಲಿ 'ಲ್' ಬಂದದ್ದು ತಲೆಯಿಂದ, ಅಂದರೆ ಸೆಫಲ್‌ನ ಬಾಲದಿಂದ. 'ಗ್' ಬಂದದ್ದು ಬರೆಯುವ ಗ್ರಾಫ್‌ನ ಮೂತಿಯಿಂದ. ನಡುವಿನ ಸ್ವರ ಅರ್ಥವೇ ಇಲ್ಲದ ಆ ಕೂಡಿಸುವ 'ಒ'. ಇಡೀ ಪದದಲ್ಲಿ ಎಲ್ಲಕ್ಕಿಂತ ಎತ್ತಿ ಹೇಳಬೇಕಾದ ಸ್ವರ ಯಾವುದು ಅಂದರೆ, ಏನನ್ನೂ ಹೇಳದ ಸ್ವರ! ಅರ್ಥ ನೋಡಿ ಒತ್ತು ಹಾಕುವವರಿಗೆ ಇದು ಹೇಗೆ ತಾನೇ ಹೊಳೆಯಬೇಕು?

ಇದು ಈ ಪದದ ಒಂದರದ್ದೇ ಹುಚ್ಚಾಟವಲ್ಲ. ಬಯಾಲಜಿ, ಡೆಮಾಕ್ರಸಿ, ಥರ್ಮಾಮೀಟರ್, ಫಟಾಗ್ರಫಿ, ಇವುಗಳಲ್ಲೆಲ್ಲ ಇಂಗ್ಲಿಷ್ ಒತ್ತು ಬೀಳುವುದು ಅದೇ ಕೂಡಿಸುವ 'ಒ' ಮೇಲೆ. ಥರ್ಮ್ ಅಂದರೆ ಬಿಸಿ, ಮೀಟರ್ ಅಂದರೆ ಅಳೆಯುವ ಸಾಧನ. ಎರಡೂ ಪಕ್ಕಕ್ಕೆ ಸರಿದು ನಡುವಿನ 'ಮಾ'ಗೆ ದಾರಿ ಬಿಡುತ್ತವೆ.

ಉದ್ದ ಪದ ಕಂಡರೆ ಭಾಗ ಬಿಡಿಸಿ ಓದಿ ಅಂತ ಬಹಳ ಮಂದಿ ಹೇಳಿಕೊಡುತ್ತಾರೆ. ಅರ್ಥ ತಿಳಿಯಲು ಅದು ಒಳ್ಳೆಯ ದಾರಿಯೇ. ಉಚ್ಚಾರಕ್ಕೆ ಅದೇ ದಾರಿ ಹಿಡಿದರೆ ಪದ ಮೂರು ಪದಗಳಾಗುತ್ತದೆ, ಪ್ರತಿಯೊಂದಕ್ಕೂ ಒಂದೊಂದು ಒತ್ತು ಹುಟ್ಟುತ್ತದೆ, ಕೊನೆಯದು ಗ್ರಾ ಮೇಲೆ ಕೂರುತ್ತದೆ. ಗ್ರಾಫ್ ಅನ್ನುವ ಪದ ಬಿಡಿಯಾಗಿ ನಮಗೆ ಪರಿಚಿತ. ಅದನ್ನು ಒಳಗೆ ಕಂಡ ಕೂಡಲೇ ಬಾಯಿ ಅದನ್ನು ಪೂರ್ತಿ ಹೇಳಲು ಹೊರಡುತ್ತದೆ. ಇವರ ವಿಷಯದಲ್ಲಿ ಆದದ್ದು ಇದೇ.

ಲಘು ಗುರು ಎಷ್ಟು ದೂರ ಬರುತ್ತದೆ

ಕನ್ನಡ ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಬಂದವರಿಗೆ ಇಲ್ಲಿ ಒಂದು ಸಹಾಯ ಇದೆ. ನೀವು ಇದನ್ನು ಕನ್ನಡದಲ್ಲಿ ಬರೆದು ಲಘು ಗುರು ಹಾಕಿ ಅಂದೆ. ಉದ್ದ ಸ್ವರ ಹಾಕಬೇಡಿ, ಎಲ್ಲ ಗಿಡ್ಡ ಇರಲಿ ಅಂತಲೂ ಹೇಳಿದೆ.

ಎ, ಲೆ, ಕ್ಟ್ರೊ, ಎ, ನ್ಸೆ, ಫ, ಲ, ಗ್ರ, ಫಿ. ಕನ್ನಡ ಬರವಣಿಗೆಯಲ್ಲೂ ಒಂಬತ್ತೇ ಅಕ್ಷರ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನುವ ನಿಯಮ ಹಾಕಿದರೆ ಗುರು ಬರುವುದು ಮೂರು ಕಡೆ: ಎರಡನೆಯ ಲೆ, ನಾಲ್ಕನೆಯ ಎ, ಏಳನೆಯ ಲ. ಉಳಿದವೆಲ್ಲ ಲಘು. ಇಂಗ್ಲಿಷಿನಲ್ಲಿ ಈ ಪದಕ್ಕೆ ಮೂರು ಒತ್ತು ಇವೆ. ಏಳನೆಯದರ ಮೇಲೆ ಮುಖ್ಯವಾದದ್ದು, ಎರಡನೆಯ ಮತ್ತು ಐದನೆಯದರ ಮೇಲೆ ಸಣ್ಣವು. ಮೂರರಲ್ಲಿ ಎರಡು ಸರಿಯಾಗಿ ಕೂತವು. ನಾಲ್ಕು ಮತ್ತು ಐದರ ನಡುವೆ ಮಾತ್ರ ತಪ್ಪಿತು. ಎನ್ ಭಾರವಾದ ಸಿಲಬಲ್ಲೇ, ಆದರೂ ಒತ್ತು ಅದನ್ನು ದಾಟಿ ಸೆಫ್ ಮೇಲೆ ಕೂರುತ್ತದೆ.

ಮೂರಕ್ಕೆ ಎರಡು ಸಿಕ್ಕರೆ ಸಾಲದು ಅನ್ನಬಹುದು. ನನಗೆ ಬೇಕಾದದ್ದು ಏಳನೆಯದು. ಅದು ಸಿಕ್ಕಿತು, ಅದೂ ಅವರೇ ಹಾಕಿದ ಗುರುತಿನಿಂದ. ಅವರು ಮೊದಲು ಹೇಳುತ್ತಿದ್ದ ರೂಪಕ್ಕೆ, ಟ್ರೋ ಲೋ ಗ್ರಾ ಇದ್ದದ್ದಕ್ಕೆ, ಪ್ರಸ್ತಾರ ಹಾಕಿದರೆ ಐದು ಗುರು ಬರುತ್ತವೆ. ಎರಡು ಸಾಲನ್ನು ಮೇಲೆ ಕೆಳಗೆ ಬರೆದ ಮೇಲೆ ಬೇರೆ ವಿವರಣೆ ಬೇಕಾಗಲಿಲ್ಲ. ಗ್ರ ಗುರು ಆದದ್ದು ತಾವು ದೀರ್ಘ ಎಳೆದದ್ದರಿಂದಷ್ಟೇ ಅಂತ ಅವರಿಗೇ ಕಾಣಿಸಿತು.

ಅಕ್ಷರದ ಅಂಚು ಎಲ್ಲಿ ಅನ್ನುವುದರಲ್ಲೂ ಒಂದು ವ್ಯತ್ಯಾಸ ಇದೆ. ಕನ್ನಡ ಲಿಪಿ ವ್ಯಂಜನಗಳನ್ನು ಮುಂದಿನ ಸ್ವರಕ್ಕೆ ಕಟ್ಟುತ್ತದೆ, ಹಾಗಾಗಿ ಲ ಮತ್ತು ಗ್ರ. ನಿಘಂಟು ಒಡೆಯುವುದು ಲಾಗ್ ಮತ್ತು ರ. ಲೆಕ್ಕ ಒಂದೇ, ಗೆರೆ ಬೇರೆ ಕಡೆ. ಲೋ ಅಂತ ತೆರೆದು ಬಿಟ್ಟರೆ ಸ್ವರ ಎಳೆಯುತ್ತದೆ. ಲಾಗ್ ಅಂತ ಮುಚ್ಚಿದರೆ ಸ್ವರ ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತದೆ.

ಎಲೆಕ್ಟ್ರೊ ಮತ್ತು ಎನ್ ಸೇರುವ ಕಡೆ

ಇಲ್ಲಿ ಎರಡು ಸ್ವರ ಮುಖಾಮುಖಿಯಾಗುತ್ತವೆ. ಅವರು ಅಲ್ಲಿ ನಿಲ್ಲುತ್ತಿದ್ದರು, ಇಲ್ಲದಿದ್ದರೆ 'ಟ್ರೊವೆನ್' ಅಂದುಬಿಡುತ್ತಿದ್ದರು. ಅದನ್ನು ತಪ್ಪು ಅಂದುಕೊಂಡು ತಿದ್ದಿಕೊಳ್ಳಲು ಒದ್ದಾಡುತ್ತಿದ್ದರು. ಬೇಡ ಅಂದೆ. ಹೂವಿನಲ್ಲಿ, ಗುರುವನ್ನು ಅಂತ ವಕಾರ ತರುವ ಆಗಮ ಸಂಧಿ ನಮ್ಮ ಬಾಯಿಗೆ ಸಹಜ. ಇಂಗ್ಲಿಷಿನವರ ಬಾಯಲ್ಲೂ ಈ ಜಾಗದಲ್ಲಿ ತೆಳುವಾದ ವಕಾರ ನುಸುಳುತ್ತದೆ. ತುಟಿ ಕಚ್ಚಿ ಹೇಳುವ ಗಟ್ಟಿ ವ ಆಗದಿದ್ದರೆ ಸಾಕು.

ಸಂಧಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾದಲ್ಲಿದ್ದ ಮನೋವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ಪ್ರಕಟಿಸಿದ್ದು 1929ರಲ್ಲಿ. ಅವರು ತಮ್ಮ ಬರಹದಲ್ಲಿ ಇಟ್ಟ ಹೆಸರು ಎಲೆಕ್ಟ್ರೆನ್‌ಕೆಫಲೊಗ್ರಾಮ್. ಅಲ್ಲಿ ಕೂಡಿಸುವ ಮೊದಲ 'ಒ' ಇಲ್ಲವೇ ಇಲ್ಲ. ನಮ್ಮ ವ್ಯಾಕರಣದಲ್ಲಿ ಹೇಳುವುದಾದರೆ ಬರ್ಗರ್ ಮಾಡಿದ್ದು ಲೋಪ ಸಂಧಿ, ಇಂಗ್ಲಿಷಿನ ಬಾಯಿ ಮಾಡುತ್ತಿರುವುದು ಆಗಮ ಸಂಧಿ. ಇಂಗ್ಲಿಷ್ ಬರಹ ಮಾತ್ರ ಎರಡು ಸ್ವರಗಳನ್ನೂ ಹಾಗೇ ಉಳಿಸಿಕೊಂಡಿತು. ಹಾಗಾಗಿಯೇ ಒಂದು ಸಿಲಬಲ್ ಜಾಸ್ತಿ.

ಹಿಂದಿನಿಂದ ಕಟ್ಟಿದ್ದು

ಗ್ರಫಿ, ಲಜಿ, ನಮಿ, ಮೆಟ್ರಿ ಅಂತ ಮುಗಿಯುವ ಇಂಥ ಪದಗಳಲ್ಲಿ ಒತ್ತನ್ನು ಎಣಿಸುವುದು ಕೊನೆಯಿಂದ. ಕೊನೆಯಿಂದ ಮೂರನೆಯ ಸಿಲಬಲ್. ಮುಂಭಾಗ ಎಷ್ಟು ಉದ್ದ ಇದ್ದರೂ ಲೆಕ್ಕ ಬದಲಾಗುವುದಿಲ್ಲ. ಫಟಾಗ್ರಫಿಯಲ್ಲಿ ಟಾಗ್, ಜಿಯಾಗ್ರಫಿಯಲ್ಲಿ ಆಗ್, ನಮ್ಮ ಪದದಲ್ಲಿ ಲಾಗ್. ಪದ ಎಷ್ಟು ಉದ್ದ ಅಂತ ಹೆದರುವ ಕಾರಣವೇ ಇಲ್ಲ, ಕೊನೆಯ ಮೂರು ಸಿಲಬಲ್ ಹಿಡಿದರೆ ಮುಖ್ಯ ಒತ್ತು ಸಿಕ್ಕಿಬಿಡುತ್ತದೆ.

ಒತ್ತು ಕೊನೆಯಿಂದ ಲೆಕ್ಕ ಆಗುವುದಾದರೆ ಅಭ್ಯಾಸವೂ ಕೊನೆಯಿಂದಲೇ ಶುರುವಾಗಬೇಕು ಅಲ್ವಾ? ಹೀಗೆ ಕಟ್ಟಿದೆವು:

ಫಿ.
ರಫಿ.
ಲಾಗ್ರಫಿ.
ಫಲಾಗ್ರಫಿ.
ಸೆಫಲಾಗ್ರಫಿ.
ಎನ್ಸೆಫಲಾಗ್ರಫಿ.
ಟ್ರೊಎನ್ಸೆಫಲಾಗ್ರಫಿ.
ಎಲೆಕ್ಟ್ರೊಎನ್ಸೆಫಲಾಗ್ರಫಿ.

ಮೂರನೆಯ ಸಾಲಿಗೆ ಬಂದಾಗ ಒತ್ತು ಕೂರುತ್ತದೆ. ಅಲ್ಲಿಂದ ಮುಂದೆ ಏನು ಸೇರಿಸಿದರೂ ಬಾಲ ಅಲುಗಾಡುವುದಿಲ್ಲ. ಮುಂದಿನಿಂದ ಕಟ್ಟಿದರೆ ಇದರ ಉಲ್ಟಾ ಆಗುತ್ತದೆ. ಪ್ರತಿ ಸಾಲಿನಲ್ಲೂ ಒತ್ತು ಜಾಗ ಬದಲಿಸುತ್ತಾ ಹೋಗುತ್ತದೆ, ಕೊನೆಗೆ ಮುಟ್ಟುವ ಹೊತ್ತಿಗೆ ಉಸಿರೂ ಮುಗಿದಿರುತ್ತದೆ.

ಅವರು ಸಿಕ್ಕಿಹಾಕಿಕೊಂಡದ್ದು ಎರಡನೆಯ ಸಾಲಿನಲ್ಲೇ. ರಫಿ ಅನ್ನಲು ಬಾಯಿ ಒಪ್ಪುತ್ತಿರಲಿಲ್ಲ, ಪ್ರತಿ ಸಲ ರಾಫಿ. ಗ್ರಾಫ್ ಅಲ್ಲಿ ಅಡಗಿ ಕೂತಿತ್ತು. ಅರ್ಥ ಮರೆತುಬಿಡಿ, ಇದು ಬರೀ ಸದ್ದು ಅಂದೆ. ಬಾಯಿಂದ ಅರ್ಥವನ್ನು ಬಿಡಿಸಲು ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಕಾಗದವನ್ನು ತಿರುಗಿಸಿಟ್ಟು ಕಿವಿಯಿಂದಲೇ ಕೇಳಿ ಹೇಳತೊಡಗಿದ ಮೇಲೆ ರ ಗಿಡ್ಡವಾಯಿತು.

ಆಮೇಲೆ ಮೇಜಿನ ಮೇಲೆ ಬೆರಳು ತಟ್ಟುತ್ತಾ ಮೂರು ಪೆಟ್ಟಿಗೆ ಪದ ಮುಗಿಸುವ ಅಭ್ಯಾಸ. ಮೊದಲ ಪೆಟ್ಟು ಲೆಕ್ ಮೇಲೆ, ಎರಡನೆಯದು ಸೆಫ್ ಮೇಲೆ, ಮೂರನೆಯದು ಲಾಗ್ ಮೇಲೆ. ಮೊದಲಿನ ಎ ತಾಳಕ್ಕೆ ಮುಂಚೆ ಎತ್ತಿಕೊಳ್ಳುವ ಹಾಡಿನಂತೆ ಪೆಟ್ಟಿನ ಹೊರಗೇ ಉಳಿಯುತ್ತದೆ. ಹೀಗೆ ನೋಡಿದರೆ ಗುಂಪುಗಳು ಮೂರು: ಲೆಕ್ ಟ್ರೊ ಎನ್, ಸೆಫ್ ಅ, ಲಾಗ್ ರ ಫಿ. ಅರ್ಥದ ಗುಂಪುಗಳೂ ಮೂರೇ, ಆದರೆ ಅಂಚುಗಳು ಬೇರೆ ಬೇರೆ. ಮೂರನೆಯ ಪೆಟ್ಟು ಉಳಿದೆರಡಕ್ಕಿಂತ ಜೋರಾಗಿ ಬೀಳಬೇಕು, ದನಿಯೂ ಅಲ್ಲೇ ತಿರುಗಬೇಕು.

ಒಡಹುಟ್ಟಿದ ಪದಗಳು

ಒಂದು ಪದ ಬಂದರೆ ಸಾಲುತ್ತಿರಲಿಲ್ಲ. ಅವರ ಸ್ಲೈಡ್‌ಗಳಲ್ಲಿ ಇದೇ ಕುಟುಂಬದ ಇನ್ನೆರಡು ಪದ ಇದ್ದವು. ದಾಖಲೆಯ ಹಾಳೆಗೆ ಎಲೆಕ್ಟ್ರೊಎನ್ಸೆಫಲಗ್ರಾಮ್. ಅದಕ್ಕೆ ಸಂಬಂಧಿಸಿದ್ದು ಅನ್ನಲು ಎಲೆಕ್ಟ್ರೊಎನ್ಸೆಫಲಗ್ರಾಫಿಕ್. ಮೂರಕ್ಕೂ ಮುಂಭಾಗ ಒಂದೇ. ಮುಖ್ಯ ಒತ್ತು ಮೂರರಲ್ಲೂ ಬೇರೆ ಕಡೆ. ಗ್ರಾಮ್ ಬಂದಾಗ ಸೆಫ್ ಮೇಲೆ. ಗ್ರಫಿ ಬಂದಾಗ ಲಾಗ್ ಮೇಲೆ. ಇಕ್ ಬಂದಾಗ ಅದರ ಹಿಂದಿನ ಗ್ರಾಫ್ ಮೇಲೆ. ಅವರು ಇಷ್ಟು ದಿನ ಎಲ್ಲ ಕಡೆ ಹಾಕುತ್ತಿದ್ದ ಗ್ರಾ ಒತ್ತಿಗೆ ಜಾಗ ಇರುವುದು ಈ ಕೊನೆಯದರಲ್ಲಿ. ಇಕ್ ಪ್ರತ್ಯಯ ಒತ್ತನ್ನು ತನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ನೆಸ್, ಮೆಂಟ್, ಫುಲ್ ಥರದವು ಸಾಮಾನ್ಯವಾಗಿ ಒತ್ತಿನ ತಂಟೆಗೇ ಹೋಗುವುದಿಲ್ಲ.

ಒತ್ತು ಹೀಗೆ ಓಡಾಡುವುದರಿಂದ ಸ್ಪೆಲ್ಲಿಂಗಿಗೆ ಒಂದು ಲಾಭ ಇದೆ. ಅವರ ಒಂದು ಸ್ಲೈಡ್‌ನಲ್ಲಿ ಸೆಫ್ ಆದ ಮೇಲಿನ ಇಂಗ್ಲಿಷ್ 'ಎ' (a) ಅಕ್ಷರದ ಜಾಗದಲ್ಲಿ 'ಇ' (e) ಅಕ್ಷರ ಬಿದ್ದಿತ್ತು. ಅಲ್ಲಿ ಕೇಳಿಸುವುದು ಬರೀ ಮಸುಕು ಸ್ವರ, ಯಾವ ಅಕ್ಷರ ಅಂತ ಕಿವಿಗೆ ಹೇಗೆ ಗೊತ್ತಾಗಬೇಕು? ಅದೇ ಸ್ವರದ ಮೇಲೆ ಒತ್ತು ಬೀಳುವ ಇನ್ನೊಂದು ಪದ ಹುಡುಕಬೇಕು. ಸಿಫ್ಯಾಲಿಕ್ ಅನ್ನುವ ಪದದಲ್ಲಿ ಇಕ್ ಹಿಂದಿನ ಒತ್ತು ಫ್ಯಾಲ್ ಮೇಲೆ ಬೀಳುತ್ತದೆ, ಸ್ವರ ಬಾಯಿಬಿಟ್ಟು ತಾನು ಯಾರು ಅಂತ ಹೇಳುತ್ತದೆ. ಗ್ರಾಮ್ ಪದದಲ್ಲಿ ಮಸುಕಾದ 'ಒ' ಲಾಗ್ರಫಿಯಲ್ಲಿ ಸ್ಪಷ್ಟ. ಗ್ರಫಿಯಲ್ಲಿ ಮಸುಕಾದದ್ದು ಗ್ರಾಫಿಕ್‌ನಲ್ಲಿ ಸ್ಪಷ್ಟ. ಪದದ ಭಾಗಗಳ ತಿಳಿವಳಿಕೆ ನಿಜವಾಗಿ ಕೈ ಹಿಡಿಯುವುದು ಇಲ್ಲಿ, ಬರೆಯುವಾಗ. ಹೇಳುವಾಗ ಅದನ್ನು ಪಕ್ಕಕ್ಕಿಡುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಸ್ಲೈಡ್‌ನ ಇನ್ನೊಂದು ಸಂಗತಿ. ಶೀರ್ಷಿಕೆಯ ಸಾಲು ಸಾಲದೆ ಪದ ಎರಡು ಸಾಲಿಗೆ ಒಡೆದಿತ್ತು. ಮೇಲಿನ ಸಾಲು ಲಾಗ್‌ಗೆ ಮುಗಿದು ಅಡ್ಡಗೆರೆ, ಕೆಳಗಿನ ಸಾಲಿನಲ್ಲಿ ಬರೀ ರಫಿ. ಒಮ್ಮೆ ಅದನ್ನು ನೋಡಿ ಓದುತ್ತಾ ಅವರು ಎನ್ಸೆಫಲಾಲಜಿ ಅಂದುಬಿಟ್ಟರು. ಲಾಗ್ ಕಂಡ ಕೂಡಲೇ ಲಜಿ ನೆನಪಾಯಿತು, ಅಷ್ಟೇ. ಸಾಫ್ಟ್‌ವೇರ್ ಅಲ್ಲಿ ತಪ್ಪು ಮಾಡಿರಲಿಲ್ಲ. ಅಮೆರಿಕದ ನಿಘಂಟುಗಳ ಪದ್ಧತಿಯಲ್ಲಿ ಸಾಲಿನ ಕೊನೆಗೆ ಪದ ಒಡೆಯುವುದು ಉಚ್ಚಾರ ನೋಡಿ. ಬ್ರಿಟಿಷ್ ಮುದ್ರಣದ ಹಳೆಯ ಪದ್ಧತಿ ಪದದ ಭಾಗಗಳಿಗೆ ಜಾಸ್ತಿ ಬೆಲೆ ಕೊಡುತ್ತದೆ, ಅದರ ಪ್ರಕಾರ ಒಡೆದರೆ ಗ್ರಫಿ ಪೂರ್ತಿ ಕೆಳಗಿನ ಸಾಲಿಗೆ ಬರುತ್ತದೆ. ಅಕ್ಷರದ ಅಳತೆ ಕಿರಿದು ಮಾಡಿ ಪದವನ್ನು ಒಂದೇ ಸಾಲಿಗೆ ತಂದೆವು.

ಪರೀಕ್ಷೆಯ ದಿನ ಮತ್ತು ಆಮೇಲೆ

ಶೀರ್ಷಿಕೆ ಸರಾಗವಾಗಿ ಬಂತು, ಯಾರೂ ತಡೆಯಲಿಲ್ಲ. ಹೊರದೇಶದ ಪರೀಕ್ಷಕರು ಪ್ರಶ್ನೆ ಕೇಳುವಾಗ ಎನ್ಸೆಫ್ ಬದಲು ಎನ್‌ಕೆಫ್ ಅಂದರಂತೆ. ಇದು ಬ್ರಿಟಿಷ್ ವೈದ್ಯರಲ್ಲಿ ಕೇಳಿಬರುವ ರೂಪ, ಗ್ರೀಕ್ ಮೂಲದ ಕಕಾರಕ್ಕೆ ಹತ್ತಿರ. ಮೊದಲೇ ತಿಳಿಸಿದ್ದರಿಂದ ಇವರು ಗಾಬರಿಯಾಗಲಿಲ್ಲ, ತಮ್ಮ ಸಕಾರವನ್ನು ಬದಲಿಸಲೂ ಹೋಗಲಿಲ್ಲ. ಒತ್ತು ಇಬ್ಬರದ್ದೂ ಒಂದೇ ಕಡೆ ಇತ್ತು, ಮಾತು ನಡೆಯಿತು.

ಕೆಲವನ್ನು ನಾವು ಮುಟ್ಟಲೇ ಇಲ್ಲ. ಫಕಾರವನ್ನು ಅವರು ಕನ್ನಡದ ಮಹಾಪ್ರಾಣಕ್ಕೆ ಹತ್ತಿರವಾಗಿ ಹೇಳುತ್ತಾರೆ. ಅದರಿಂದ ಕೇಳುವವರು ಎಡವಿರಲಿಲ್ಲ, ಹಾಗಾಗಿ ಬಿಟ್ಟೆವು. ಕನ್ನಡ ಮಾತಾಡುವಾಗ ಅವರು ಈಗಲೂ ಫೋಟೋಗ್ರಾಫಿ ಅಂತಲೇ ಅನ್ನುತ್ತಾರೆ. ಅಲ್ಲಿ ಅದೇ ಸರಿ, ಕನ್ನಡದಲ್ಲಿ ಫಟಾಗ್ರಫಿ ಅಂದರೆ ಜನ ತಿರುಗಿ ನೋಡುತ್ತಾರೆ.

ನಿದ್ರೆಯ ತಪಾಸಣೆಯ ವಿಭಾಗಕ್ಕೆ ಹೋದ ಮೇಲೆ ಅವರಿಗೆ ಪಾಲಿಸಾಮ್ನಾಗ್ರಫಿ ಎದುರಾಯಿತು. ಕೊನೆಯಿಂದ ಮೂರು ಎಣಿಸಿ ನಾಗ್ ಮೇಲೆ ಒತ್ತು ಹಾಕಿದರು, ಸರಿಯಾಗಿತ್ತು. ಪಾಲಿಸಾಮ್ನಗ್ರಾಮ್ ಅಂದಾಗ ಕೈಕೊಟ್ಟಿತು. ಎನ್ಸೆಫಲಗ್ರಾಮ್, ಕಾರ್ಡಿಯಗ್ರಾಮ್, ಆಂಜಿಯಗ್ರಾಮ್ ಎಲ್ಲದರಲ್ಲೂ ಒತ್ತು ಕೊನೆಯಿಂದ ನಾಲ್ಕನೆಯದರ ಮೇಲೆ. ಅದೇ ಲೆಕ್ಕದಲ್ಲಿ ಇಲ್ಲಿ ಲಿ ಮೇಲೆ ಹಾಕಿದ್ದರು. ನಿ‍ಘಂಟು ನೋಡಿದರೆ ಸಾಮ್ ಮೇಲೆ ಇದೆ, ಅಂದರೆ ಮೂರನೆಯದು. ಯಾಕೆ ಅಂತ ಫೋನ್ ಮಾಡಿ ಕೇಳಿದರು. ಪ್ರಸ್ತಾರ ಹಾಕಿ ನೋಡಿ ಅಂದೆ.

ಸ್ವಲ್ಪ ಹೊತ್ತಿಗೆ ಅವರೇ ಕಂಡುಕೊಂಡರು. ಗ್ರಾಮ್‌ನಿಂದ ಎರಡು ಸಿಲಬಲ್ ಹಿಂದಕ್ಕೆ ಹೋಗಿ ನಿಲ್ಲಬೇಕು. ಅಲ್ಲಿರುವುದು ಗುರುವಾದರೆ ಒತ್ತು ಅಲ್ಲೇ ಕೂರುತ್ತದೆ. ಲಘುವಾದರೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಎನ್ಸೆಫಲಗ್ರಾಮ್‌ನಲ್ಲಿ ಆ ಜಾಗದಲ್ಲಿರುವುದು ಗಿಡ್ಡ 'ಅ', ಹಾಗಾಗಿ ಒತ್ತು ಸೆಫ್‌ಗೆ ಹೋಯಿತು. ಕಾರ್ಡಿಯಗ್ರಾಮ್‌ನಲ್ಲಿ ಗಿಡ್ಡ ಡಿ, ಹಾಗಾಗಿ ಕಾರ್. ಪಾಲಿಸಾಮ್ನಗ್ರಾಮ್‌ನಲ್ಲಿ ಮಕಾರದಿಂದ ಮುಚ್ಚಿದ ಸಾಮ್, ಭಾರವಾದದ್ದು, ಒತ್ತು ಅದನ್ನು ದಾಟುವುದಿಲ್ಲ. ಸ್ಪೆಕ್ಟ್ರಗ್ರಾಮ್‌ನಲ್ಲಿ ಸ್ಪೆಕ್ ಕೂಡ ಹಾಗೆಯೇ. ಮೈಯಲಗ್ರಾಮ್ ಹಾಕಿ ನೋಡಿದರು: ನಡುವಿನ ಸ್ವರ ಗಿಡ್ಡ, ಒತ್ತು ಮೈ ಮೇಲೆ. ನಿಘಂಟಿನಲ್ಲೂ ಅಲ್ಲೇ ಇತ್ತು.